ಮೂರನೇ ಸಾಲಿನ ಉಸಿರು

"ಇದಕ್ಕೆ ಎಲ್ಲಾ ಗೊತ್ತು... ಆದ್ರೆ ಯಾರ ಮೇಲೂ ಪ್ರೀತಿ ಇಲ್ಲ!"

ಕಣ್ಣು ಮುಚ್ಚಿಕೊಂಡೇ ಮಹತಿ ಹೇಳಿದಳು.

"ಪ್ರೀತಿ ಇಲ್ಲ ಅಂತ ಯಾವ ಮೀಟರ್‌ನಲ್ಲಿ ನೋಡಿದ್ರಿ, ಮೇಡಂ?"

ಬೆಚ್ಚಿ ಕಣ್ಣು ಬಿಟ್ಟಳು. ಸ್ಪೀಕರುಗಳ ಹಿಂದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಒಬ್ಬಾತ. ಕೈಯಲ್ಲಿ ಸೋಲ್ಡರಿಂಗ್ ಐರನ್. ತುಟಿಯ ಅಂಚಿನಲ್ಲಿ ನಗು.

ಚಿಕ್ಕಬಳ್ಳಾಪುರದ ಬಿ.ಬಿ. ರೋಡಿನಲ್ಲಿ, ಮೊದಲ ಮಹಡಿಯಲ್ಲಿದ್ದ ಹರಿಕೃಷ್ಣನ ಆಡಿಯೋ ಅಂಗಡಿ ಅದು. ನಂದಿ ಬೆಟ್ಟದ ತಪ್ಪಲಲ್ಲಿ ತೋಟದ ಮನೆ ಕಟ್ಟಿಕೊಂಡವರು ಅಲ್ಲಿಗೆ ಬಂದು ಕಾರಿನಷ್ಟು ಬೆಲೆಯ ಆಂಪ್ಲಿಫೈಯರ್ ಕೊಳ್ಳುತ್ತಿದ್ದರು. ಯಾವುದು ಹೇಗೆ ಹಾಡುತ್ತದೆ ಎಂದು ಕನ್ನಡದಲ್ಲಿ ಬರೆದುಕೊಡುವುದು ಮಹತಿಯ ಕೆಲಸ. ಅವಳ ಬರಹ ಓದದೆ ಹರಿಕೃಷ್ಣನ ಗಿರಾಕಿಗಳು ಪರ್ಸು ತೆಗೆಯುತ್ತಿರಲಿಲ್ಲ.

'ದನಿ ಬೆಚ್ಚಗಿದೆ', 'ಸ್ಪಷ್ಟವಾಗಿದೆ' ಎಂದೆಲ್ಲ ಅವಳು ಬರೆಯುತ್ತಿರಲಿಲ್ಲ. ಒಂದು ಪೆಟ್ಟಿಗೆಯ ಬಗ್ಗೆ, 'ಮದುವೆಮನೆಯ ಯಜಮಾನನ ಹಾಗೆ. ಎಲ್ಲರನ್ನೂ ಬನ್ನಿ ಬನ್ನಿ ಎನ್ನುತ್ತದೆ, ಯಾರ ಹೆಸರೂ ನೆನಪಿಲ್ಲ' ಎಂದಿದ್ದಳು. ಇನ್ನೊಂದಕ್ಕೆ, 'ಪರೀಕ್ಷೆಗೆ ಬಾಯಿಪಾಠ ಮಾಡಿದ ಮಗು. ಅಕ್ಷರ ಒಂದೂ ತಪ್ಪಿಲ್ಲ, ಅರ್ಥ ಒಂದೂ ಇಲ್ಲ.'

"ಮೀಟರ್ ಬೇಡ," ಎಂದಳು ಮಹತಿ ಸ್ವಲ್ಪ ಬಿರುಸಾಗಿ. "ನಮ್ಮಪ್ಪನ ಉಸಿರು ಸಾಕು."

ಅವಳ ತಂದೆ ವೆಂಕಟೇಶಮೂರ್ತಿ ಚಿಂತಾಮಣಿಯಲ್ಲಿ ಕನ್ನಡ ಮೇಷ್ಟ್ರು. ರಾಗವಾಗಿ ಕಾವ್ಯ ಓದುವುದರಲ್ಲಿ ಹೆಸರಾದವರು. ಅವರು ತೀರಿಕೊಂಡು ಮೂರು ವರ್ಷ. ಮನೆಯಲ್ಲೇ ಓದಿ, ಕ್ಯಾಸೆಟ್ಟಿಗೆ ಹಿಡಿದಿಟ್ಟ ತಮ್ಮದೇ ಒಂದು ಪದ್ಯ ಮಗಳಿಗೆ ಉಳಿದಿತ್ತು. ಅದನ್ನೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಪ್ರತಿಯೊಂದು ಆಂಪ್ಲಿಫೈಯರಿನಲ್ಲೂ ಕೇಳುತ್ತಿದ್ದಳು.

*ಬಂದು ಬಾಗಿಲ ಬಳಿಗೆ ನಿಂತರೆ*
*ಹಿಂದು ಮುಂದನು ಏನು ಕೇಳದೆ*
*ತಂದ ದಣಿವನು ಕೇಳು ಮೊದಲಲಿ... ಒಳಗೆ ಕರೆ ಮನವೇ*

"ಮೂರನೇ ಸಾಲಲ್ಲಿ, 'ಮೊದಲಲಿ' ಆದ್ಮೇಲೆ ಅಪ್ಪ ನಿಲ್ಲಿಸ್ತಾರೆ. ಉಸಿರು ತಗೊಳ್ತಾರೆ. ಆ ಉಸಿರನ್ನ ಯಂತ್ರ ಹೇಗೆ ಕಾಯುತ್ತೆ, ಅದರ ಮೇಲೆ ಬರೀತೀನಿ. ಇದು ಕಾಯಲ್ಲ. ಯಾವಾಗ ಮುಗೀತದೋ ಅಂತ ನಿಂತಿರುತ್ತೆ."

ಆತ ನಗಲಿಲ್ಲ. ಐರನ್ ಕೆಳಗಿಟ್ಟು, "ಇನ್ನೊಂದ್ಸಲ ಹಾಕಿ," ಎಂದ.

ಹಾಕಿದಳು. ತಲೆ ಬಗ್ಗಿಸಿ ಕೇಳಿದ. ಆಮೇಲೆ ನಿಧಾನವಾಗಿ ಹೇಳಿದ:

"ಆ ಗ್ಯಾಪ್ ಖಾಲಿ ಇಲ್ಲ ಮೇಡಂ. ಏನೋ ಇದೆ ಅಲ್ಲಿ. ಟೇಪಿನ ಸದ್ದಲ್ಲ. ಇನ್ನೇನೋ... ಈ ಮಿಷಿನ್ ಅದನ್ನ ಒರೆಸಿಬಿಟ್ಟಿದೆ."

"ಏನೂ ಇಲ್ಲ! ಚಿಕ್ಕಂದಿನಿಂದ ಕೇಳ್ತಿದೀನಿ ನಾನು."

"ಇದೆ." ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡ. "ಅದನ್ನ ಕೇಳ್ಸೋ ಆಂಪ್ಲಿಫೈಯರ್ ಒಂದಿನ ನಾನೇ ಮಾಡ್ತೀನಿ. ನೀವೇ ಬರೀಬೇಕು."

'ಎಷ್ಟು ಜಂಬ!' ಅಂದುಕೊಂಡಳು ಮಹತಿ. ಆದರೆ ಚಿಂತಾಮಣಿಯ ಬಸ್ಸಿನಲ್ಲಿ ಕುಳಿತಾಗಲೂ ಅವನ ಮಾತೇ ಕಿವಿಯಲ್ಲಿತ್ತು. ಮೂರು ವರ್ಷದಲ್ಲಿ ಅಪ್ಪನ ದನಿಯನ್ನು ಅವಳಷ್ಟೇ ತಲೆ ಬಗ್ಗಿಸಿ ಕೇಳಿದವನು ಅವನೊಬ್ಬನೇ...

ಅವನ ಹೆಸರು ಮುನೇಶ್. ಶಿಡ್ಲಘಟ್ಟದವನು. ಅಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡು, ಹರಿಕೃಷ್ಣನ ಯಂತ್ರಗಳನ್ನೂ ರಿಪೇರಿ ಮಾಡಿಕೊಡುತ್ತಿದ್ದ.

*

ಅವನ ತಂದೆ ಎರ್ರಪ್ಪ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಅವರು ಹೋದಮೇಲೆ ಮನೆಯಲ್ಲಿ ಉಳಿದದ್ದು ಒಂದು ಚರಕ, ಗೋಡೆಯ ಮೇಲೆ ಬುದ್ಧನ ಪಟ, ತಾಯಿ ಲಕ್ಷ್ಮಿದೇವಮ್ಮ. ಆ ಚರಕದ ಮೇಲೆಯೇ ಮುನೇಶ್ ತಾಮ್ರದ ತಂತಿ ಸುತ್ತಿದ. ಪದರ ಪದರದ ನಡುವೆ ರೇಷ್ಮೆ ಬಟ್ಟೆ ಇಟ್ಟು, ಕೂದಲಿನಷ್ಟು ತೆಳುವಾದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ. ಹಳೆಯ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವುಗಳ ಆಂಪ್ಲಿಫೈಯರಿನ ಜೀವ ಇರುವುದು ಆ ಟ್ರಾನ್ಸ್‌ಫಾರ್ಮರುಗಳಲ್ಲಿ. ಎಡಕ್ಕೊಂದು, ಬಲಕ್ಕೊಂದು.

ಎರಡು ವರ್ಷ!

ಆ ಎರಡು ವರ್ಷವೂ ಮಹತಿಯ ಫೋನು ಸಂಜೆ ಆರಕ್ಕೆ ಸರಿಯಾಗಿ ಮೊಳಗುತ್ತಿತ್ತು.

"ಇವತ್ತು ಎಷ್ಟು ಸುತ್ತು?"

"ನಾನೂರು. ಆಮೇಲೆ ತಂತಿ ಕಿತ್ತೋಯ್ತು. ಮೊದಲಿಂದ ಶುರು ಮಾಡ್ದೆ."

"ಬೇಜಾರಾಗಲ್ವಾ?"

"ನಿಮ್ಮಪ್ಪನ ಉಸಿರು ಕೇಳ್ಬೇಕಲ್ಲ ಮೇಡಂ. ಬೇಜಾರು ಮಾಡ್ಕೊಂಡ್ರೆ ಆಗುತ್ತಾ?"

ಪ್ರೀತಿ ಎಂಬ ಪದವನ್ನು ಇಬ್ಬರೂ ಬಾಯಿಗೆ ತಂದಿರಲಿಲ್ಲ. ದೇವರ ದೀಪಕ್ಕೆ ಎಣ್ಣೆ ಹೊಯ್ಯುವಾಗ ಮಾತಾಡಬಾರದಲ್ಲ, ಹಾಗೆ. ಒಮ್ಮೆ ಮಾತ್ರ ಮುನೇಶ್ ಹೇಳಿದ್ದ. "ಇದು ಮುಗೀಲಿ. ನೀವು ಕೇಳಿ, ಇದ್ದದ್ದು ಇದ್ದ ಹಾಗೆ ಬರೀರಿ. ನನ್ನದು ಅಂತ ಒಂದು ಪದ ಹೆಚ್ಚು ಹಾಕ್ಬೇಡಿ. ಆಮೇಲೆ... ನಿಮ್ಮಮ್ಮನ ಹತ್ರ ಬಂದು ಮಾತಾಡ್ತೀನಿ."

ಎರಡನೇ ವರ್ಷದ ಶ್ರಾವಣದಲ್ಲಿ ಮನೆಯ ಹಳೆಯ ಆಂಪ್ಲಿಫೈಯರ್ ಕೆಟ್ಟಿತು. ರಿಪೇರಿಗೆಂದು ಮಹತಿ ಅದನ್ನು ಮುನೇಶನ ಅಂಗಡಿಗೆ ಸಾಗಿಸಿದಳು. ದಸರಾ ವ್ಯಾಪಾರದ ಗದ್ದಲದಲ್ಲಿ ಹರಿಕೃಷ್ಣನೂ ಕೇಳಿ ಬರೆಯಲೆಂದು ಮನೆಗೆ ಹೊಸದೇನನ್ನೂ ಕಳಿಸಲಿಲ್ಲ. ನಡುಮನೆ ಎರಡು ತಿಂಗಳು ಮೌನವಾಗಿತ್ತು.

ಆಯುಧಪೂಜೆ ಬಂತು. ತಾಯಿ ಗೋದಮ್ಮ ಕತ್ತರಿ, ಈಳಿಗೆಮಣೆ, ಹೊಲಿಗೆ ಮಿಷಿನ್ ಎಲ್ಲ ತೊಳೆದಿಟ್ಟು, "ಅಪ್ಪನ ಸ್ಪೀಕರೂ ಒರೆಸಿ ಪೂಜೆಗಿಡು ಕಣೇ," ಎಂದರು. ಮಹತಿ ಸ್ಪೀಕರಿನ ಹಿಂದಿನ ತಂತಿಗಳನ್ನು ಕಳಚಿ, ಒರೆಸಿಟ್ಟಳು. ಗೋದಮ್ಮ ಭಕ್ತಿಯಿಂದ ಎಲ್ಲಕ್ಕೂ ಗಂಧ, ಕುಂಕುಮ ಹಚ್ಚಿದರು. ಪೂಜೆಯಾದ ಮೇಲೆ ಮಹತಿ ತಂತಿಗಳನ್ನು ಮತ್ತೆ ಸಿಕ್ಕಿಸಿದಳು.

ಅದೊಂದು ಸಣ್ಣ ಕೆಲಸ. ಯಾರಿಗೂ ನೆನಪಿರುವಂಥದ್ದಲ್ಲ.

*

ಹಬ್ಬವಾದ ಎಂಟನೇ ದಿನ, ಬೆಳಗ್ಗೆ ಹತ್ತರ ಬಸ್ಸಿಗೆ ಮುನೇಶ್ ಬಂದ. ಮಗುವನ್ನು ಹೊತ್ತಂತೆ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ.

ಮಹತಿ ಸ್ನಾನಕ್ಕೆ ಹೋಗಿದ್ದಳು. ಬಾಗಿಲು ತೆಗೆದವರು ಗೋದಮ್ಮ.

"ಯಾರಪ್ಪಾ?"

"ಮುನೇಶ್ ಅಂತ ಅಮ್ಮ. ಶಿಡ್ಲಘಟ್ಟ. ಇದನ್ನ... ನಾನೇ ಜೋಡಿಸಿಕೊಡ್ತೀನಿ. ಐದು ನಿಮಿಷ."

ಗೋದಮ್ಮನಿಗೆ ಹೆಸರು ಗೊತ್ತಿತ್ತು. ಸಂಜೆ ಆರರ ಫೋನೂ ಗೊತ್ತಿತ್ತು. ಯಾವ ಮನೆಯ ಹುಡುಗ ಎಂದೂ ಯಾರೋ ಹೇಳಿದ್ದರು. ಅವರು ಕೆಟ್ಟವರಲ್ಲ... ಹೆದರಿದ್ದರು. ಹೆದರಿದವರು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ.

"ಇಲ್ಲೇ ಜಗಲಿ ಮೇಲಿಡಪ್ಪ. ಅವಳಿಗೆ ಜೋಡಿಸೋಕೆ ಬರುತ್ತೆ."

ಒಳಗೆ ಬಾ ಎನ್ನಲಿಲ್ಲ. ನೀರು ಬೇಕಾ ಎನ್ನಲಿಲ್ಲ.

ಮುನೇಶ್ ಒಂದು ಕ್ಷಣ ನಿಂತ. ಇಟ್ಟ. ಹೋದ.

ಮಹತಿ ಒದ್ದೆ ಕೂದಲಲ್ಲೇ ಓಡಿ ಬಂದಾಗ ಬೀದಿ ಖಾಲಿಯಾಗಿತ್ತು. "ಯಾಕಮ್ಮ ಒಳಗೆ ಕರೀಲಿಲ್ಲ?" ಎಂದದ್ದಕ್ಕೆ ತಾಯಿ, ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಒಳಗೆ ನಡೆದರು.

ಹೊಸದನ್ನು ಕೇಳುವ ಮೊದಲಿನ ಅವಳ ಪದ್ಧತಿಯಂತೆ ದೀಪ ಹಚ್ಚಿದಳು. ತಾನೇ ಜೋಡಿಸಿದಳು. ವಾಲ್ವುಗಳು ನಿಧಾನವಾಗಿ ಕೆಂಡದ ಬಣ್ಣಕ್ಕೆ ತಿರುಗಿದವು. ಕಣ್ಣು ಮುಚ್ಚಿದಳು.

'ಸ್ವಾಮೀ, ಇವತ್ತು ಅಪ್ಪನ್ನ ಕರ್ಕೊಂಡು ಬಾ...'

*ಬಂದು ಬಾಗಿಲ ಬಳಿಗೆ ನಿಂತರೆ...*

ಕಣ್ಣು ತೆರೆದಳು.

ಅಪ್ಪ ಎಲ್ಲಿ?

ದನಿ ಇತ್ತು. ಆದರೆ ಅದಕ್ಕೆ ನಿಲ್ಲಲು ಜಾಗವೇ ಇರಲಿಲ್ಲ! ಎರಡು ಸ್ಪೀಕರುಗಳ ನಡುವೆ, ಅಪ್ಪ ಪದ್ಮಾಸನ ಹಾಕಿ ಕೂರುತ್ತಿದ್ದ ಆ ಜಾಗ ಬಟಾಬಯಲು. ದನಿ ಗೋಡೆಯಲ್ಲಿ, ಸೂರಿನಲ್ಲಿ, ಕಿವಿಯ ಹಿಂದೆ ಅಲೆಯುತ್ತಿತ್ತು. ಎದೆಯ ಗಾಂಭೀರ್ಯ ಸೋರಿಹೋಗಿತ್ತು. ಬರೀ ಚರ್ಮ ಮಾತಾಡಿದ ಹಾಗೆ. ಮೂರನೇ ಸಾಲಿನ ಉಸಿರು? ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ತಿಳಿಯಲೇ ಇಲ್ಲ.

ಮತ್ತೆ ಹಾಕಿದಳು. ಮತ್ತೆ. ಕಿವಿಯಲ್ಲಿ ಏನೋ ಆಗಿದೆಯೇ ಎಂದು ತಾಯಿಯ ಬಳೆ ಸದ್ದು ಕೇಳಿ ನೋಡಿದಳು. ಸರಿಯಾಗಿತ್ತು. ಮಧ್ಯಾಹ್ನದ ತನಕ ಹದಿನೇಳು ಸಲ ಕೇಳಿದಳು. ಹದಿನೇಳನೇ ಸಲಕ್ಕೆ ನೆಲದ ಮೇಲೆ ಕುಸಿದು ಅತ್ತಳು.

ಎರಡು ವರ್ಷದ ಸುತ್ತು... ಹೇಗೆ ಹೇಳಲಿ? ಸುಳ್ಳು ಬರೆಯಲೇ? ಒಂದು ಪದ ಹೆಚ್ಚು ಹಾಕಬೇಡಿ ಎಂದವನಿಗೆ?

ಬರೆದಳು. 'ಈ ದನಿಗೆ ನೆಲೆಯಿಲ್ಲ. ಮನೆಯೆಲ್ಲ ಸುತ್ತುತ್ತದೆ, ಎಲ್ಲೂ ಕೂರುವುದಿಲ್ಲ. ಕರೆದರೆ ಓಗೊಡುತ್ತದೆ, ಎದುರಿಗೆ ಬರುವುದಿಲ್ಲ.' ಬರೆದದ್ದನ್ನು ಅವನಿಗೇ ಮೊದಲು ಫೋನಿನಲ್ಲಿ ಓದಿ ಹೇಳಿದಳು. 

ಮುನೇಶ್ ಕೊನೆಯ ತನಕ ಕೇಳಿಸಿಕೊಂಡ.

"ನಿಮ್ಮಮ್ಮ ಹೇಳಿಕೊಟ್ರಾ?"

"ಏನು?"

"ಹಿಂಗ್ ಬರಿ ಅಂತ. ಬಾಗಿಲಲ್ಲಿ ನಿಲ್ಲಿಸಿದ್ದು ಸಾಲದು ಅಂತ, ಬರವಣಿಗೇಲೂ ಹೊರಗಿಟ್ರಾ?"

"ಮುನೇಶ್! ನನ್ನ ಕಿವೀನ ನೀವು ಹೀಗೆ..."

"ನಿಮ್ಮಪ್ಪನ ಪದ್ಯ ಕ್ಯಾಸೆಟ್‌ನಲ್ಲಿ ಮಾತ್ರ ಚೆನ್ನಾಗಿದೆ ಮೇಡಂ. ಹಾಕಿ. ಬರೆದಿದ್ದು ಹಾಗೇ ಹಾಕಿ."

ಫೋನು ಕಟ್ಟಾಯಿತು.

ಮಹತಿಯ ಕಣ್ಣೀರು ಆ ಕ್ಷಣ ಬೆಂಕಿಯಾಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಕೇಳದ್ದನ್ನು ಕೇಳಿದೆ ಎಂದವಳಲ್ಲ. ಅದನ್ನೇ ಸುಳ್ಳು ಅಂದುಬಿಟ್ಟನಲ್ಲ! ಸಿಟ್ಟಿನಲ್ಲೇ ಹರಿಕೃಷ್ಣನಿಗೆ ಬರಹ ಕಳಿಸಿದಳು. "ಹಾಕಿ ಅಣ್ಣ, ಇವತ್ತೇ."

ಸಂಜೆ ಆರಾಯಿತು. ಫೋನು ಬರಲಿಲ್ಲ. ಮರುದಿನವೂ... ಅದರ ಮರುದಿನವೂ...

ಮುನೇಶನ ಪೆಟ್ಟಿಗೆ ಬೇಕೆಂದು ಕಾಯುತ್ತಿದ್ದ ನಾಲ್ವರು ಗಿರಾಕಿಗಳೂ ಬೇಡವೆಂದರು. ಮೂರನೇ ದಿನ ಯಾರೋ ಆಟೋದವನು ಬಂದು ಆಂಪ್ಲಿಫೈಯರ್ ವಾಪಸ್ ಒಯ್ದ. ಚೀಟಿಯಿಲ್ಲ, ಮಾತಿಲ್ಲ.

*

ಬರಹ ಹಾಕಿದ ಹನ್ನೆರಡನೇ ದಿನ ಹರಿಕೃಷ್ಣ ತಾನೇ ಕಾರಿನಲ್ಲಿ ಹೊಸ ಪೆಟ್ಟಿಗೆ ತಂದ. ಹೊರದೇಶದ್ದು. ಇಬ್ಬರು ಹಿಡಿದು ಇಳಿಸಬೇಕಾಯಿತು.

"ನೋಡಮ್ಮ, ಇದಕ್ಕೆ ಮಾತ್ರ ಚೆನ್ನಾಗ್ ಬರಿ. ನಿಂಗೆ ಕೈಮುಗೀತೀನಿ," ಎಂದು ನಗುತ್ತ ಹೋದ.

ಮಹತಿಗೆ ಬರೆಯುವ ಮನಸ್ಸೇ ಇರಲಿಲ್ಲ. ಅಭ್ಯಾಸಕ್ಕೆಂದು ದೀಪ ಹಚ್ಚಿದಳು, ಹಾಕಿದಳು.

*ಬಂದು ಬಾಗಿಲ ಬಳಿಗೆ ನಿಂತರೆ...*



ಅದೇ! ಅದೇ ಬಟಾಬಯಲು! ಅದೇ ನೆಲೆಯಿಲ್ಲದ ದನಿ!

ಎರಡು ಬೇರೆ ಬೇರೆ ಯಂತ್ರಗಳು ಒಂದೇ ತಪ್ಪು ಮಾಡುವುದಿಲ್ಲ...

'ಇಲ್ಲ... ದೇವರೇ, ಹಾಗಾಗದಿರಲಿ...'

ಮೊಣಕಾಲೂರಿ ಎಡಗಡೆಯ ಸ್ಪೀಕರಿನ ಹಿಂದೆ ತೆವಳಿದಳು. ಅಪ್ಪ ಹಾಕಿಸಿದ ಹಳೆಯ ಜೋಡಿ ತಂತಿ. ಎರಡೆಳೆಯೂ ಒಂದೇ ಬಣ್ಣ. ಯಾವ ಎಳೆ ಕೆಂಪು ತಿರುಪಿಗೆ, ಯಾವುದು ಕಪ್ಪಿಗೆ ಎಂದು ತಿಳಿಯಲು ಅಪ್ಪ ಒಂದೆಳೆಯ ತುದಿಗೆ ಕೆಂಪು ಬಣ್ಣ ಬಳಿದಿದ್ದರು.

ಈಗ ಎರಡೂ ತುದಿ ಕೆಂಪಾಗಿದ್ದವು.

ಆಯುಧಪೂಜೆಯ ಕುಂಕುಮ!

ಉಗುರಿನಿಂದ ಕೆರೆದಳು. ಒಂದರಲ್ಲಿ ಕುಂಕುಮ ಉದುರಿ ಬರೀ ತಂತಿ ಕಂಡಿತು. ಅದು ಕೆಂಪು ತಿರುಪಿನಲ್ಲಿ ಸಿಕ್ಕಿಕೊಂಡಿತ್ತು. ಅದಲು ಬದಲು. ಬಲಗಡೆಯ ಸ್ಪೀಕರು ದನಿಯನ್ನು ಮುಂದಕ್ಕೆ ನೂಕಿದಾಗ ಎಡಗಡೆಯದು ಹಿಂದಕ್ಕೆ ಎಳೆಯುತ್ತಿತ್ತು. ನಡುವೆ ಕೂತ ಅಪ್ಪನನ್ನು ಎರಡೂ ಸೇರಿ ಅಳಿಸಿಹಾಕಿದ್ದವು.

ಎಳೆಗಳನ್ನು ಬದಲಿಸಿ ಮತ್ತೆ ಹಾಕಿದಳು. ಅಪ್ಪ ಬಂದು ನಡುವೆ ಕುಳಿತರು.

"ಅಮ್ಮಾ!!"

ಆ ಕೂಗಿಗೆ ಗೋದಮ್ಮ ಸೌಟು ಹಿಡಿದೇ ಓಡಿ ಬಂದರು. ಮಗಳು ತಂತಿಯ ತುದಿ ತೋರಿಸಿ, ಬಿಕ್ಕುತ್ತ ಹೇಳಿದಳು. ಅವರಿಗೆ ಅರ್ಧ ಅರ್ಥವಾಯಿತು. ಮುಖ್ಯವಾದ ಅರ್ಧ.

"ನನ್ನ ಕಿವಿ ತಪ್ಪಿಲ್ಲ, ಅವರ ಕೈಯೂ ತಪ್ಪಿಲ್ಲ! ನನ್ನ ಅಹಂಕಾರ ಅಮ್ಮ... ಅಪ್ಪನ ತಂತಿ ತಪ್ಪಲ್ಲ ಅಂತ ಒಂದ್ಸಲ ಬಗ್ಗಿ ನೋಡ್ಲಿಲ್ಲ ನಾನು!"

ಗೋದಮ್ಮ ಗೋಡೆ ಹಿಡಿದು ಕುಳಿತರು. ಐದು ನಿಮಿಷ, ನಾನೇ ಜೋಡಿಸಿಕೊಡ್ತೀನಿ ಎಂದಿದ್ದ ಹುಡುಗ ಕಣ್ಣ ಮುಂದೆ ಬಂದ.

"ಕುಂಕುಮ ಇಟ್ಟವಳು ನಾನು," ಎಂದರು ಮೆಲ್ಲಗೆ. "ಬಾಗಿಲಲ್ಲೇ ನಿಲ್ಲಿಸಿದವಳೂ ನಾನೇ."

ಮುನೇಶನಿಗೆ ಫೋನು ಹೋಗುತ್ತಿರಲಿಲ್ಲ. ಅವಳ ನಂಬರನ್ನು ಬ್ಲಾಕ್ ಮಾಡಿದ್ದ. ಹರಿಕೃಷ್ಣನಿಗೆ ಮಾಡಿದಳು.

"ಅಣ್ಣ, ನನ್ನ ತಪ್ಪು. ತಿದ್ದಿ ಬರೀತೀನಿ, ಈಗ್ಲೇ ಹಾಕಿ."

"ಏನಮ್ಮ ನೀನು! 'ನನ್ನ ತಂತಿ ಉಲ್ಟಾ ಇತ್ತು' ಅಂತ ಬರೆದ್ರೆ, ಹಿಂದೆ ಬರೆದಿದ್ದು ಯಾರ್ ನಂಬ್ತಾರೆ? ನಿನ್ ಹೆಸರು ಹೋಗುತ್ತೆ. ಸುಮ್ನಿರು. ಆ ಹುಡುಗನೂ ಬಿಟ್ಟುಬಿಟ್ಟ ಅದನ್ನ."

"ಬಿಟ್ಟ ಅಂದ್ರೆ?"

"ನಿನ್ನೆ ಫೋನ್ ಮಾಡಿದ್ದ. ಎಲ್ಲಾ ಬಿಚ್ಚಿ ತಾಮ್ರ ತೂಕಕ್ಕೆ ಹಾಕ್ತಾನಂತೆ. ಸೋಮವಾರದಿಂದ ಹೊಸೂರಲ್ಲಿ ಯಾವುದೋ ಫ್ಯಾಕ್ಟರಿ ಕೆಲಸ."

ಅಂದು ಶನಿವಾರ.

ಮಹತಿ ಎಂದೂ ಜನರೆದುರು ಮಾತಾಡಿದವಳಲ್ಲ. ಬರೆಯುವುದಷ್ಟೇ ಗೊತ್ತು. ಈಗ ಫೋನು ಬಾಯಿಗೆ ಹಿಡಿದಳು. ಅವಳ ಬರಹ ಓದುವ ನಾನೂರು ಜನರ ವಾಟ್ಸಾಪ್ ಗುಂಪಿಗೆ ತನ್ನದೇ ದನಿಯಲ್ಲಿ ಕಳಿಸಿದಳು.

"ನಾನು ಮಹತಿ. ಶಿಡ್ಲಘಟ್ಟದ ಮುನೇಶ್ ಮಾಡಿದ ಆಂಪ್ಲಿಫೈಯರ್ ಬಗ್ಗೆ ನಾನು ಬರೆದದ್ದು ತಪ್ಪು. ನಮ್ಮ ಮನೆಯ ಎಡಗಡೆ ಸ್ಪೀಕರಿನ ತಂತಿ ಅದಲುಬದಲಾಗಿತ್ತು. ನಾನೇ ಸಿಕ್ಕಿಸಿದ್ದು, ನಾನೇ ನೋಡಲಿಲ್ಲ. ಅವರ ದನಿಗೆ ನೆಲೆ ಇತ್ತು. ನಾನು ಕೂರಲು ಬಿಡಲಿಲ್ಲ. ಇನ್ನು ಮೇಲೆ ನನ್ನ ಮಾತು ನಂಬುವುದು ಬಿಡುವುದು ನಿಮಗೆ ಸೇರಿದ್ದು."

ಕೊನೆಯ ಪದಕ್ಕೆ ದನಿ ಒಡೆಯಿತು. ಅಳಿಸಿ ಮತ್ತೆ ಹೇಳಲು ಹೋಗಲಿಲ್ಲ. ಆ ಎಡಗಡೆಯ ತಂತಿಯನ್ನು ಕಳಚಿ ಕರವಸ್ತ್ರದಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದಳು.

"ನಿಲ್ಲೇ," ಎಂದರು ಗೋದಮ್ಮ. "ನಾನೂ ಬರ್ತೀನಿ."

*

ಬಸ್ಸು ಅಂದು ಎಷ್ಟು ನಿಧಾನ! ಪ್ರತಿ ಗೇಟಿನಲ್ಲೂ ನಿಂತಿತು. ಮಹತಿ ಕಣ್ಣು ಮುಚ್ಚಿ ದೇವರಲ್ಲಿ ಒಂದನ್ನೇ ಬೇಡಿದಳು. 'ಬಿಚ್ಚದಿರಲಿ... ಒಂದು ಸುತ್ತಾದರೂ ಉಳಿದಿರಲಿ...'

ಶಿಡ್ಲಘಟ್ಟದ ಆ ಗಲ್ಲಿಯಲ್ಲಿ ಬೆಂದ ಗೂಡಿನ ವಾಸನೆ, ಆವಿ. ಮೊಣಕಾಲು ನೋವಿನ ಗೋದಮ್ಮ ಹಿಂದೆ ಉಳಿದರು. ಮಹತಿ ಓಡಿದಳು. ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಲಕ್ಷ್ಮಿದೇವಮ್ಮ ತಲೆಯೆತ್ತಿದರು.

"ಏಮ್ಮಾ, ನೀನೇನಾ ಆ ಬರೆಯೋ ಹುಡುಗಿ?"

"ಹೌದಮ್ಮ..."

"ನನ್ ಮಗ ಎರಡು ವರ್ಷ ಸುತ್ತಿದ್ದ. ನೀನು ನಾಲ್ಕು ಸಾಲಲ್ಲಿ ಬಿಚ್ಚಿಬಿಟ್ಟೆ ಕಣಮ್ಮಾ."

ಮಹತಿ ಅವರ ಕಾಲು ಮುಟ್ಟಿ ಒಳಗೆ ನುಗ್ಗಿದಳು.

ಚರಕ ತಿರುಗುತ್ತಿತ್ತು. ಹಿಮ್ಮುಖವಾಗಿ!

ನೆಲದ ಮೇಲೆ ತಾಮ್ರದ ತಂತಿಯ ರಾಶಿ, ಮುದುಕಿಯೊಬ್ಬಳ ಉದುರಿದ ಕೂದಲಿನ ಹಾಗೆ. ಒಂದು ಟ್ರಾನ್ಸ್‌ಫಾರ್ಮರ್ ಪೂರ್ತಿ ಬರಿದಾಗಿತ್ತು. ಎರಡನೆಯದರಿಂದ ಎಳೆ ಬಿಚ್ಚಿಕೊಳ್ಳುತ್ತಿತ್ತು. ಮುನೇಶನ ಗಡ್ಡ ಬೆಳೆದಿತ್ತು, ಕಣ್ಣು ಕುಳಿಬಿದ್ದಿತ್ತು. ಅವನು ತಲೆಯೆತ್ತಲಿಲ್ಲ.

ಮಹತಿ ಎರಡೂ ಕೈಯಿಂದ ಚರಕ ಹಿಡಿದಳು. ತಂತಿ ಅಂಗೈ ಕುಯ್ದಿತು.

"ಬಿಡಿ ಮೇಡಂ! ಕೈ ಕುಯ್ಯುತ್ತೆ."

"ಕುಯ್ಲಿ."

"ಬಿಡೀಂದ್ರೆ! ನೋಡಿ, ರಕ್ತ..."

"ನೀವು ಮೊದಲು ಬಿಡಿ!"

ಚರಕ ನಿಂತಿತು. 

"ಯಾಕೆ ಬಂದ್ರಿ?" ಎಂದ ಮುನೇಶ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತು. "ಅವತ್ತು ಸಿಟ್ಟಲ್ಲಿ ನಿಮ್ಮಮ್ಮನ್ನ ಅಂದೆ. ತಪ್ಪು. ಆಮೇಲೆ ನೀವು ಬರೆದಿದ್ದನ್ನ ಎಷ್ಟು ಸಲ ಓದಿದೀನೋ... ಒಂದು ಪದಾನೂ ಸುಳ್ಳಿರ್ಲಿಲ್ಲ. ನಂಗೆ ಇಲ್ಲಿ ಚೆನ್ನಾಗೇ ಕೇಳ್ತಿತ್ತು ಮೇಡಂ. ಆದ್ರೆ ನನ್ ಕಿವಿಗಿಂತ ನಿಮ್ ಕಿವಿ ಮೇಲೆ ನಂಬಿಕೆ ಇಟ್ಕೊಂಡಿದ್ದೆ. ನಿಮಗೆ ಕೇಳ್ಸದೇ ಇರೋ ಯಂತ್ರ ಯಾಕೆ ಇಟ್ಕೊಳ್ಲಿ?"

ಮಹತಿ ಅವನ ಎದುರು ಕುಳಿತು ಕರವಸ್ತ್ರ ಬಿಚ್ಚಿದಳು.

"ಇದನ್ನ ನೋಡಿ."

ತಂತಿಯ ತುದಿಗಳನ್ನು ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ. ಉಗುರಲ್ಲಿ ಕೆರೆದ. ಅರ್ಥವಾಗಲು ಒಂದು ಗಳಿಗೆ ಸಾಕಾಯಿತು.

"ಎರಡಕ್ಕೂ... ಕುಂಕುಮ ಇಟ್ಟಿದೀರಲ್ರೀ!"

ಅವನು ನಕ್ಕ. ನಗು ನಡುವೆಯೇ ಮುರಿದು, ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅದುರುವುದನ್ನು ಮಹತಿ ಮೊದಲ ಸಲ ನೋಡಿದಳು.

"ಒಂದ್ಸಲ... ಒಂದೇ ಸಲ ನಾನು ಒಳಗೆ ಬಂದಿದ್ರೆ, ನೋಡಿದ ತಕ್ಷಣ ಗೊತ್ತಾಗ್ತಿತ್ತು ಮಹತಿ..."

ಮೇಡಂ ಎನ್ನಲಿಲ್ಲ. ಅವನಿಗೇ ಅದು ಗೊತ್ತಾಗಲಿಲ್ಲ.

"ಎಲ್ಲರಿಗೂ ಹೇಳಿಬಿಟ್ಟೆ," ಎಂದಳು ಅಳುತ್ತ. "ನಾನೂರು ಜನಕ್ಕೂ. ನನ್ನ ಬರಹ ಇನ್ಮೇಲೆ ಯಾರೂ ನಂಬದಿದ್ರೂ ಪರವಾಗಿಲ್ಲ. ನೀವು ಹೋಗ್ಬೇಡಿ. ನಿಮ್ಮ ಆರು ಗಂಟೆ ಫೋನಿಲ್ದೆ ನಂಗೆ ದೀಪ ಹಚ್ಚೋಕೂ ಮನಸ್ಸು ಬರಲ್ಲ. ನಾನು ನಿಮ್ಮನ್ನ... ಎಷ್ಟು ಪ್ರೀತಿಸ್ತೀನಿ ಅಂತ ಬರೆಯೋಕೂ ಗೊತ್ತಾಗ್ತಿಲ್ಲ ಮುನೇಶ್!"

ಆಗ ಬಾಗಿಲ ಕಡೆಯಿಂದ ಏದುತ್ತ ಒಂದು ದನಿ ಕೇಳಿತು.

"ಒಳಗೆ ಬರಬಹುದೇನಪ್ಪ?"

ಗೋದಮ್ಮ. ಹೊಸ್ತಿಲ ಆಚೆ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮುನೇಶ್ ದಡಬಡಿಸಿ ಎದ್ದ. 

ಲಕ್ಷ್ಮಿದೇವಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. ಮೊರ ಪಕ್ಕಕ್ಕಿಟ್ಟರು.

"ನಮ್ಮನೇಲಿ ಬಾಗಿಲಲ್ಲಿ ನಿಲ್ಸಿ ಕೇಳೋ ಪದ್ಧತಿ ಇಲ್ಲಮ್ಮ. ರಾ ಒಳಕ್ಕೆ. ಬಿಸಿಲಲ್ಲಿ ನಡ್ಕೊಂಡ್ ಬಂದಿದೀಯ, ಮೊದ್ಲು ನೀರು ಕುಡಿ."

ಗೋದಮ್ಮನ ಕಣ್ಣು ತುಂಬಿತು. ನೀರು ಕುಡಿದರು. ಆಮೇಲೆ ಟೀ ಕುಡಿದರು. ಲೋಟ ತಾವೇ ತೊಳೆಯಲು ಹೋದಾಗ ಲಕ್ಷ್ಮಿದೇವಮ್ಮ ಕಸಿದುಕೊಂಡು ಗದರಿದರು. "ಕೂತ್ಕೋ ಸುಮ್ನೆ!"

*

ಹೊಸೂರಿನ ಸೋಮವಾರ ಬಂದು ಹೋಯಿತು. ಮುನೇಶ್ ಹೋಗಲಿಲ್ಲ. ಹರಿಕೃಷ್ಣ ಮುನಿಸಿಕೊಂಡು ಒಂದು ತಿಂಗಳು ಮಹತಿಗೆ ಕೆಲಸ ಕೊಡಲಿಲ್ಲ. ಗುಂಪಿನಿಂದ ಅರವತ್ತು ಜನ ಹೊರಗೆ ಹೋದರು. ಹೋಗದೆ ಉಳಿದವರಲ್ಲಿ ಕೆಂಚಾರ್ಲಹಳ್ಳಿಯ ಒಬ್ಬ ಹಿರಿಯರು ಮಾತ್ರ ಬರೆದರು, 'ತಪ್ಪು ಒಪ್ಪಿಕೊಂಡ ಕಿವಿ ನನಗೆ ಬೇಕು.'

ತಂತಿಯನ್ನು ಮತ್ತೆ ಸುತ್ತಬೇಕಿತ್ತು. ಮಹತಿ ದಿನಾ ಬಸ್ಸಿನಲ್ಲಿ ಬಂದು ಚರಕದ ಪಕ್ಕ ಕೂತಳು. ಮುನೇಶನ ಸುತ್ತು ಎಣಿಸುವ ಮೀಟರು ಆಗಾಗ ಕೈಕೊಡುತ್ತಿತ್ತು. ಅವಳು ಅಪ್ಪನ ಪದ್ಯವನ್ನೇ ಮೆಲ್ಲಗೆ ಹೇಳಿದಳು. ಒಂದು ಮಾತ್ರೆಗೆ ಒಂದು ಸುತ್ತು. ಮೂರು ಸಾಲಿಗೆ ಐವತ್ತೊಂದು. ಒಂದೇ ಒಂದು ಸಲವೂ ತಪ್ಪಲಿಲ್ಲ.

"ನಿಮ್ಮಪ್ಪ ಇದನ್ನ ಕೇಳಿದ್ರೆ ಏನಂತಿದ್ರು?"

"ಛಂದಸ್ಸು ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಿದ್ರೆ ಮಕ್ಕಳಿಗೆ ಇನ್ನೂ ಎರಡೇಟು ಜಾಸ್ತಿ ಕೊಡ್ತಿದ್ದೆ ಅನ್ನೋರು!"

ಧನುರ್ಮಾಸದ ಒಂದು ಬೆಳಗ್ಗೆ ಮುನೇಶ್ ಮತ್ತೆ ಚಿಂತಾಮಣಿಯ ಆ ಬಾಗಿಲಿಗೆ ಬಂದ. ಕೈಯಲ್ಲಿ ಅದೇ ಪೆಟ್ಟಿಗೆ. ಪಕ್ಕದಲ್ಲಿ ತಾಯಿ. ಬಾಗಿಲು ತೆರೆದೇ ಇತ್ತು. ಹುಗ್ಗಿಯ ಘಮ ಬೀದಿಗೆ ಬರುತ್ತಿತ್ತು.

"ಬಾಪ್ಪ ಒಳಗೆ," ಎಂದರು ಗೋದಮ್ಮ. "ಬನ್ನಿ ಲಕ್ಷ್ಮಿದೇವಮ್ಮ. ದಣಿದಿದೀರ."

ಅವನು ನಡುಮನೆಗೆ ಬಂದು, ಸ್ಪೀಕರಿನ ಹಿಂದೆ ತೆವಳಿ, ತಾನೇ ತಂತಿ ಸಿಕ್ಕಿಸಿದ. ಮಹತಿ ದೀಪ ಹಚ್ಚಿದಳು. ವಾಲ್ವುಗಳು ಕೆಂಪಾದವು.

*ಬಂದು ಬಾಗಿಲ ಬಳಿಗೆ ನಿಂತರೆ...*

ಅಪ್ಪ ಬಂದರು! ನಡುವೆ, ಪದ್ಮಾಸನ ಹಾಕಿ. ಗಂಟಲಿನ ಒರಟು, ಎಲೆಯಡಿಕೆಯ ತೇವ, ಶಾಲು ಸರಿಪಡಿಸಿಕೊಂಡ ಸರಬರ... ಮಹತಿಯ ಕೆನ್ನೆ ತೊಯ್ದಿತು.

*ತಂದ ದಣಿವನು ಕೇಳು ಮೊದಲಲಿ...*

ಉಸಿರು.

ಆ ಉಸಿರಿನ ಹಿಂದೆ, ಬಹಳ ದೂರದಲ್ಲಿ, ಅಡುಗೆಮನೆಯ ಬಾಗಿಲಷ್ಟು ದೂರದಲ್ಲಿ, ಒಂದು ಹೆಂಗಸಿನ ಪಿಸುದನಿ:

*'...ಒಳಗೆ ಕರೆ...'*

ಮತ್ತೆ ಅಪ್ಪನ ದನಿ, ತುಂಬಿಕೊಂಡು: *ಒಳಗೆ ಕರೆ ಮನವೇ.*

 ಗೋದಮ್ಮನ ಕೈಯ ತಟ್ಟೆ ಓರೆಯಾಗಿ ಹುಗ್ಗಿ ಚೆಲ್ಲಿತು.

"ನಾನು..." ಎಂದರು.  "ಅದು ನಾನು ಕಣೇ. ಅವರು ಮರೆತುಬಿಟ್ಟಿದ್ರು. ತಾವೇ ಕಟ್ಟಿದ ಪದ್ಯ, ಆ ಪದ ಬಾಯಿಗೇ ಬರ್ಲಿಲ್ಲ. ನಾನು ಒಗ್ಗರಣೆ ಹಾಕ್ತಿದ್ದವಳು ಬಾಗಿಲ ಮರೇಲಿ ನಿಂತು ಎತ್ತಿಕೊಟ್ಟೆ. ಯಾರಿಗೂ ಕೇಳಿಸಿಲ್ಲ ಅಂದ್ಕೊಂಡಿದ್ದೆ... ಒಳಗೆ ಕರೆ ಅಂತ ನಾನೇ ಹೇಳಿಕೊಟ್ಟು, ನಾನೇ ಮರೆತೆನಲ್ಲಪ್ಪ!"

ಲಕ್ಷ್ಮಿದೇವಮ್ಮ ಅವರ ಭುಜ ಹಿಡಿದು ಅಡುಗೆಮನೆಗೆ ಕರೆದೊಯ್ದರು. "ಹೋಗ್ಲಿ ಬಿಡಮ್ಮ. ಊರಿಗೇ ಹುಗ್ಗಿ ಚೆಲ್ತೀಯ ಏನು?"

ನಡುಮನೆಯಲ್ಲಿ ಇಬ್ಬರೇ ಉಳಿದರು. ವಾಲ್ವುಗಳು ಸದ್ದಿಲ್ಲದೆ ಉರಿಯುತ್ತಿದ್ದವು.

"ಹೇಳಿದ್ನಲ್ಲ," ಎಂದ ಮುನೇಶ್, "ಆ ಗ್ಯಾಪ್ ಖಾಲಿ ಇಲ್ಲ ಅಂತ."

ಮಹತಿ ತಲೆಯಾಡಿಸಿದಳು. 

"ಮಹತಿ... ನಾನೂ ಮರೀತೀನಿ. ಸಿಟ್ಟು ಬಂದ್ರೆ ನಂಗೆ ಎಲ್ಲಾ ಮರೆತುಹೋಗುತ್ತೆ. ಆಗ?"

"ಎತ್ತಿಕೊಡ್ತೀನಿ."

"ಮೆಲ್ಲಗೆ. ಯಾರಿಗೂ ಕೇಳಿಸ್ದಂಗೆ."

ಅವಳು ಗಾಯದ ಗುರುತಿದ್ದ ಅಂಗೈಯನ್ನು ಅವನ ಕೈಯೊಳಗಿಟ್ಟಳು.

"ನಿಮಗೆ ಕೇಳಿಸುತ್ತಲ್ಲ," ಎಂದಳು. "ಸಾಕು."